ಟೈಲರಜ್ಜನ ತಪ್ಪಿದ ಅಳತೆ

ಟೈಲರಜ್ಜನಿಗೆ ಟೇಪು ಬರೀ ಕೊರಳಿನ ಅಲಂಕಾರ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಕಣ್ಣಲ್ಲೇ ಅಳೆದು ಮುಗಿಸಿರುತ್ತಿದ್ದ. ನಲವತ್ತು ವರ್ಷದಲ್ಲಿ ಒಂದು ಅಂಗಿಯೂ ವಾಪಸು ಬಂದಿಲ್ಲವೆಂದು ಜಂಬ ಕೊಚ್ಚುತ್ತಿದ್ದ. ಎರಡು ಬಂದಿದ್ದವು, ಅವು ಗಿರಾಕಿಗಳ ಹೊಟ್ಟೆಯ ತಪ್ಪಂತೆ.

ಮಗಳು ಹೆತ್ತು ಆಸ್ಪತ್ರೆಯಿಂದ ತನ್ನ ಮನೆಗೆ ಬಂದಳೆಂದು ತಿಳಿದದ್ದೇ ತಡ, ಮಿಷನ್ನು ಹಾಗೇ ಬಿಟ್ಟು ಓಡಿದ. ಬಾಗಿಲಲ್ಲಿ ಎರಡು ಸಲ ಕೆಮ್ಮಿದ. ಬಾಣಂತಿಯನ್ನು ನೋಡಲು ಬಂದಿದ್ದ ನರ್ಸಮ್ಮ ಕೈ ಅಡ್ಡ ಹಿಡಿದಳು.

“ಅಲ್ಲೇ ನಿಂತ್ಕೊಳ್ಳಿ ಯಜಮಾನ್ರೇ. ಎಷ್ಟು ದಿನದ ಕೆಮ್ಮು?”

“ಅಯ್ಯೋ, ಇದು ಬಟ್ಟೆ ಧೂಳಮ್ಮ!”

“ಅದನ್ನ ಡಾಕ್ಟ್ರು ಹೇಳ್ಲಿ. ನಾಯಿಕೆಮ್ಮು ದೊಡ್ಡೋರಿಗೆ ಬರೀ ಕೆಮ್ಮು ಅನ್ಸತ್ತೆ, ಕೂಸಿಗೆ ಉಸಿರೇ ನಿಂತೋಗತ್ತೆ. ನಿಮ್ಮ ಮಗಳು ಬಸುರೀಲೇ ಲಸಿಕೆ ತಗೊಂಡಿದಾರೆ. ಕೂಸಿಗೆ ಹಾಕೋಕೆ ಇನ್ನೂ ವಯಸ್ಸಾಗಿಲ್ಲ. ನೀವೂ ಚುಚ್ಚಿಸ್ಕೊಂಡು, ಎರಡು ವಾರ ಬಿಟ್ಟು ಎತ್ಕೊಳ್ಳಿ.”

ಅಪ್ಪ ರೇಗುತ್ತಾನೆಂದು ಮಗಳು ಕಾದಳು. ಅವನು ಮೆಟ್ಟಿಲಿಳಿದು ನೇರ ಆಸ್ಪತ್ರೆಯ ದಾರಿ ಹಿಡಿದ. ಅವನ ಪುಟ್ಟ ತಂಗಿಯನ್ನು ಒಯ್ದದ್ದು ಆ ಕೆಮ್ಮೇ. ಕೆಮ್ಮಿ ಕೆಮ್ಮಿ, ತಿಂದದ್ದೆಲ್ಲ ಕಕ್ಕಿ ಅವಳು ಸೊರಗಿದಾಗ, ಸಡಿಲಾದ ಫ್ರಾಕನ್ನು ಬಿಗಿ ಮಾಡಿ ಹೊಲಿ ಎಂದು ಅಮ್ಮ ಅವನ ಕೈಗೆ ಸೂಜಿ ಕೊಟ್ಟಿದ್ದಳು. ಅವನು ಹಾಕಿದ ಮೊದಲ ಹೊಲಿಗೆ ಅದು.

ಪರೀಕ್ಷೆ ಮಾಡಿದ ಡಾಕ್ಟರು ಕೆಮ್ಮು ಧೂಳಿನದೇ ಎಂದರು. ತೋಳಿಗೆ ಲಸಿಕೆಯೂ ಬಿತ್ತು. ಅಂದಿನಿಂದ ಅಜ್ಜ ದಿನಾ ಸಂಜೆ ಮಗಳ ಮನೆಯ ಕಿಟಕಿ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದ. ಮೊದಲ ದಿನವೇ ಕಣ್ಣಲ್ಲಿ ಅಳತೆ ಹಿಡಿದು, ಹಳದಿ ಬಟ್ಟೆಯಲ್ಲಿ ಪುಟಾಣಿ ಅಂಗಿ ಹೊಲಿದು, ಬಂದ ಗಿರಾಕಿಗಳಿಗೆಲ್ಲ ತೋರಿಸಿದ.

ಹದಿನೈದನೆಯ ದಿನ ಮೊಣಕೈವರೆಗೂ ಸೋಪು ಹಚ್ಚಿ ತೊಳೆದು ಮೊಮ್ಮಗಳನ್ನು ಎತ್ತಿಕೊಂಡ. ಕೂಸು ಅವನ ಟೇಪಿನ ತುದಿ ಹಿಡಿದುಕೊಂಡಿತು. ಅಜ್ಜನಿಗೆ ಹಿಡಿಸಲಾರದಷ್ಟು ಖುಷಿ. ಅಂಗಿ ತೊಡಿಸಿದರೆ, ಗುಂಡಿ ಕಾಜದ ಹತ್ತಿರ ಸುಳಿಯಲೇ ಇಲ್ಲ.

“ಏನಪ್ಪಾ, ಅಳತೆ ಕೈಕೊಡ್ತಾ?” ಮಗಳು ಬಿದ್ದು ಬಿದ್ದು ನಕ್ಕಳು. ಅಂದು ಬಂದಿದ್ದ ನರ್ಸಮ್ಮನೂ ನಕ್ಕಳು.

“ಕೊಡ್ಲಿ ಬಿಡೇ! ಎರಡೇ ವಾರಕ್ಕೆ ಹೇಗೆ ತುಂಬ್ಕೊಂಡಿದಾಳೆ ನೋಡು, ಕಳ್ಳಿ!”

ನಗುನಗುತ್ತಲೇ ಅಜ್ಜನ ಕಣ್ಣು ತುಂಬಿ ಬಂತು. ಕೂಸನ್ನು ಮಗಳ ಮಡಿಲಿಗಿಟ್ಟು, ಕಿಟಕಿಯ ಬೆಳಕಿಗೆ ಕೂತು, ಅಂಗಿ ಸಡಿಲ ಮಾಡಲು ಪಕ್ಕದ ಹೊಲಿಗೆ ಬಿಚ್ಚತೊಡಗಿದ.

“ನರ್ಸಮ್ಮಾ, ಮುಂದಿನ ತಿಂಗಳು ಇವಳಿಗೂ ಲಸಿಕೆ ಅಲ್ವಾ? ಈ ಅಂಗಿ ಹಾಕ್ಸಿ ನಾನೇ ಕರ್ಕೊಂಡ್ ಬರ್ತೀನಿ,” ಎಂದ. “ಅಷ್ಟೊತ್ತಿಗೆ ಇನ್ನೊಂದ್ಸಲ ಬಿಚ್ಬೇಕಾಗತ್ತೆ.”