ಮಾರ್ಗರೀಟಾಳ ತಿದ್ದುಪಡಿ

ಈ ಕಥೆ ಎಲ್ಲಿಂದ ಶುರುವಾಗಬೇಕು ಎಂದು ನನ್ನನ್ನು ಕೇಳಬೇಡಿ. ನಾನು ಶುರು ಮಾಡಿದಲ್ಲೆಲ್ಲ ಮಾರ್ಗರೀಟಾ ಬಂದು ನನ್ನನ್ನು ಎಬ್ಬಿಸಿ ಕಳಿಸಿದ್ದಾಳೆ.

1.

ಮೊದಲ ಡ್ರಾಫ್ಟ್ ಹೀಗಿತ್ತು: ‘ದಾಂಡೇಲಿಯ ದಟ್ಟ ಕಾಡಿನ ಅಂಚಿನಲ್ಲಿ, ಗುಂಗುರು ಕೂದಲಿನ ಸಿದ್ದಿ ಹೆಣ್ಣುಮಗಳೊಬ್ಬಳು...’ ಬರೆದು ಬೀಗಿದೆ. ವಾಟ್ಸಾಪಿನಲ್ಲಿ ಅವಳಿಗೇ ಕಳಿಸಿದೆ. (ಪಾತ್ರಗಳಿಗೆ ಡ್ರಾಫ್ಟ್ ತೋರಿಸಬಾರದು ಎಂದು ಹಿರಿಯ ಲೇಖಕರು ಹೇಳುತ್ತಾರೆ. ಅವರ ಪಾತ್ರಗಳ ಹತ್ತಿರ ಸ್ಮಾರ್ಟ್‌ಫೋನ್ ಇರಲಿಲ್ಲ.) ಅವಳ ಊರಿನಲ್ಲಿ ನೆಟ್ವರ್ಕ್ ಸಿಗುವುದು ಹಳ್ಳದ ಸೇತುವೆಯ ಮೇಲೆ ಮಾತ್ರ. ಹಾಗಾಗಿ ಉತ್ತರ ಬರಲು ಸಂಜೆಯಾಯಿತು.

“ಸರ, ನಿಮ್ಮ ಕಥಿಯೊಳಗ ಬ್ಯಾರೆ ಯಾರ ಕೂದಲಾ ಹೆಂಗೈತಿ ಅಂತ ಬರದೀರಿ? ನಮ್ಮ ಮ್ಯಾನೇಜರ್‌ದು ಉದರೈತಿ. ಅದನ್ನೂ ಬರೀರಿ.”

ಬರೆದಿದ್ದೇನೆ. ಮ್ಯಾನೇಜರ್ ಬಾಳೇಶನ ಕೂದಲು ಉದುರಿದೆ.

2.

ಮಾರ್ಗರೀಟಾ ಹಳಿಯಾಳ ತಾಲ್ಲೂಕಿನವಳು. ದಾಂಡೇಲಿಯ ಹತ್ತಿರ, ಕಾಳಿ ಹೊಳೆಯ ದಂಡೆಯ ರೆಸಾರ್ಟೊಂದರಲ್ಲಿ ಅಡುಗೆ ಮಾಡುತ್ತಾಳೆ. (ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆಯೇ ನೀವು ಬುಕ್ ಮಾಡುತ್ತೀರಿ.) ಅಲ್ಲಿ ಒಂದು ಪದ್ಧತಿಯಿದೆ. ಬೆಳಿಗ್ಗೆ ಏಳರೊಳಗೆ ಕೆಲಸದವರೆಲ್ಲ ತಂತಮ್ಮ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ರೆಸಾರ್ಟಿನ ಒಂದು ಫೋಟೊ ಹಾಕಬೇಕು. ಬಾಳೇಶ ಅದನ್ನು ನೋಡಿಯೇ ಹಾಜರಿ ಹಾಕುತ್ತಾನೆ. ಮಾರ್ಗರೀಟಾ ಒಂದು ಮಂಗಟ್ಟೆ ಹಕ್ಕಿಯ ಫೋಟೊ ಹಾಕುತ್ತಾಳೆ, ಅದರ ಬೆನ್ನಿಗೇ ತನ್ನದೊಂದು ವಿಜ್ಞಾನ ಸುದ್ದಿ. ಸುದ್ದಿಯ ಲಿಂಕ್ ಕಳಿಸುವವರು ಹಳಿಯಾಳದ ನಿರ್ಮಲಾ ಟೀಚರು. ಪಿಯುಸಿ ಸೈನ್ಸನ್ನು ಅರ್ಧಕ್ಕೆ ಬಿಟ್ಟ ಈ ಶಿಷ್ಯೆ ಅದನ್ನು ತನ್ನ ಮಾತಿನಲ್ಲಿ ಬರೆದು, ಕೆಳಗೆ ತನಗನಿಸಿದ್ದನ್ನು ಸೇರಿಸುತ್ತಾಳೆ.

“ಜೇನುಹುಳಕ್ಕ ಸೊನ್ನಿ ಅಂದ್ರ ಏನಂತ ತಿಳೀತೈತಂತ. ನಮಗ ರಜಾ ಎಷ್ಟಂತ ಇನ್ನ ಅದಕ್ಕೂ ಹೇಳಬಹುದು.”

“ಆಕ್ಟೋಪಸ್ಸಿಗೆ ಮೂರು ಹೃದಯ. ನನ್ನ ಗಂಡಗ ಒಂದ ಐತಿ, ಅದನ್ನೂ ಕ್ರಿಕೆಟ್ಟಿಗೆ ಕೊಟ್ಟಾನ.”

ಒಮ್ಮೆ ಎಡವಿದ್ದೂ ಉಂಟು. ಹಲಸಿನ ಬೀಜ ಜೇಬಿನಲ್ಲಿದ್ದರೆ ಮೊಬೈಲಿನ ರೇಡಿಯೇಷನ್ ತಟ್ಟುವುದಿಲ್ಲ ಎಂಬ ಸುಳ್ಳನ್ನು ಟೀಚರನ್ನು ಕೇಳದೆ ಹಂಚಿಬಿಟ್ಟಳು. ಅರ್ಧ ಊರು ಜೇಬು ಉಬ್ಬಿಸಿಕೊಂಡು ತಿರುಗಿತು. ನಾಚಿಕೆಯಾಗಿ, ಐದು ದಿನ ಬಿಡದೆ ತಿದ್ದುಪಡಿ ಹಾಕಿದಳು. ಅಂದಿನಿಂದ ಅವಳ ಸುದ್ದಿಯನ್ನು ಜನ ನಂಬುತ್ತಾರೆ.

4.

(ಮೂರನ್ನು ಅವಳು ಹೊಡೆದುಹಾಕಿದಳು. ಅದರಲ್ಲಿ ಕಾಳಿ ನದಿಯ ವರ್ಣನೆಯಿತ್ತು. “ಹೊಳಿ ಎಲ್ಲಾರಿಗೂ ಗೊತ್ತೈತಿ, ಮುಂದ ಹೋಗ್ರಿ” ಎಂದಳು.)

ಕಳೆದ ವಾರ ಅವಳು ಹಾಕಿದ್ದು ಇದು: ಮನುಷ್ಯರೆಲ್ಲರ ಪೂರ್ವಿಕರು ಆಫ್ರಿಕಾದಿಂದ ಹೊರಟವರು ಎಂದು ವಿಜ್ಞಾನಿಗಳು ಹೇಳುತ್ತಾರೆ. ಸುದ್ದಿ ಹಳೆಯದೇ. ಕೆಳಗಿನ ಸಾಲು ಹೊಸದು:

“ಹಂಗಿದ್ರ ನೀವೂ ಅಲ್ಲಿಂದನ ಬಂದೀರಿ, ನಾವು ಒಂದೀಟ ತಡಾ ಮಾಡಿ ಬಂದ್ವಿ. ಶನಿವಾರ ಆಫ್ರಿಕನ್ ಡ್ಯಾನ್ಸಿಗೆ ಗೆಸ್ಟ್ ಎಲ್ಲಾರೂ ಎದ್ದ ಕುಣೀಬೇಕು.”

(ಶನಿವಾರ ಸಂಜೆ ಸಿದ್ದಿ ಕೆಲಸದವರು ಸೌಟು, ಸಲಿಕೆ ಕೆಳಗಿಟ್ಟು ಗೆಸ್ಟ್‌ಗಳ ಮುಂದೆ ಕುಣಿಯಬೇಕು. ಮನೆಯಲ್ಲಿ ತಮ್ಮ ಖುಷಿಗೆ ಸೀರೆಯಲ್ಲೇ ಕುಣಿಯುವ ಡಮಾಮಿ ನೃತ್ಯಕ್ಕೆ ಇಲ್ಲಿ ‘ಆಫ್ರಿಕನ್ ಡ್ಯಾನ್ಸ್’ ಎಂದು ಬೋರ್ಡು. ಎಲೆಯ ಲಂಗ ಮಾಲೀಕರ ಐಡಿಯಾ.)

ಉಪ್ಪಿನಕಾಯಿಗೆಂದು ಅವಳ ನಂಬರ್ ಪಡೆದಿದ್ದ ಹಳೆಯ ಗೆಸ್ಟೊಬ್ಬರು ಇದನ್ನು ಓದಿ ಉರಿದುಬಿದ್ದರು. ತಮ್ಮ ವಂಶಾವಳಿ ಹದಿನಾಲ್ಕು ತಲೆಮಾರಿನವರೆಗೆ ಬರೆದಿಟ್ಟಿದೆ, ಅದರಲ್ಲಿ ಆಫ್ರಿಕಾ ಎಲ್ಲೂ ಇಲ್ಲ ಎಂದು ಮಾಲೀಕರಿಗೆ ಫೋನು ಮಾಡಿದರು. ಮಾಲೀಕರು ಬಾಳೇಶನಿಗೆ ಮಾಡಿದರು. ಬಾಳೇಶ ಅಡುಗೆಮನೆಗೆ ಬಂದ.

“ಅಕ್ಕಾ, ಸುದ್ದಿ ಸುಳ್ಳಂತ ಒಂದ ತಿದ್ದುಪಡಿ ಹಾಕಿಬಿಡ್ರಿ. ಹಲಸಿನ ಬೀಜಕ್ಕ ಹಾಕಿದ್ರಲ್ಲ, ಹಂಗ.”

“ಅದು ಸುಳ್ಳಿತ್ತಪಾ, ಹಾಕಿದ್ನಿ. ಇದು ಖರೇ ಐತಿ.”

“ಖರೇ ಇರ್ಲಿ, ಯಾರ ಬ್ಯಾಡಂದ್ರು? ಸೋಮವಾರ ಮುಂಜಾನೆ ಏಳರೊಳಗ ಹಾಕ್ರಿ. ಇಲ್ಲಾಂದ್ರ ಕೆಲಸಕ್ಕ ಬರೂದ ಬ್ಯಾಡ ಅಂದಾರ. ನಂದೇನಿಲ್ಲಕ್ಕಾ, ನಾ ಓದಿ ನಕ್ಕೇನಿ.”

ನೀವೂ ನಗುತ್ತಿದ್ದರೆ ಸ್ವಲ್ಪ ತಡೆಯಿರಿ. ಈ ಕೆಲಸಕ್ಕೆ ಮುಂಚೆ ಮಾರ್ಗರೀಟಾ ನಾಲ್ಕು ವರ್ಷ ಗೋವಾದಲ್ಲಿ ಯಾರದೋ ಮನೆಗೆಲಸಕ್ಕಿದ್ದಳು. ಅಷ್ಟರಲ್ಲಿ ಮಗಳು ಸಿಲ್ವಿಯಾ ಅಜ್ಜಿಯನ್ನೇ ಅವ್ವ ಎನ್ನುವುದನ್ನು ಕಲಿತಿದ್ದಳು. ತಿರುಗಿ ಬಂದ ಮೇಲೆ ಆ ಮಗುವಿನ ಬಾಯಿಂದ ಅವ್ವ ಎನಿಸಿಕೊಳ್ಳಲು ಮಾರ್ಗರೀಟಾಳಿಗೆ ಒಂದು ಇಡೀ ಮಳೆಗಾಲ ಹಿಡಿಯಿತು. ಈ ಕೆಲಸ ಹೋದರೆ ಮತ್ತೆ ಗೋವಾ. ಅವಳಿಗೆ ನಿಜವಾಗಿಯೂ ಭಯವಾಗಿತ್ತು. ನಿಜವನ್ನು ಸುಳ್ಳೆಂದು ಬರೆದರೆ ಮುಂದೆ ತನ್ನ ಮಾತನ್ನು ಯಾರು ನಂಬುತ್ತಾರೆ, ಟೀಚರ ಮುಖ ಹೇಗೆ ನೋಡುವುದು ಎಂಬ ಸಂಕಟವೂ ಅಷ್ಟೇ ಇತ್ತು.

5.

ಇಲ್ಲಿಂದ ಮುಂದೆ ಲೇಖಕನ ಕೆಲಸ. ಮೂರು ಮುಕ್ತಾಯಗಳನ್ನು ಹೊಸೆದು ಕಳಿಸಿದೆ.

ಮುಕ್ತಾಯ ಅ: ಮಾಲೀಕರು ಹುಬ್ಬಳ್ಳಿಯಿಂದ ಓಡಿ ಬಂದು, ಕಣ್ಣು ತೆರೆಯಿತು ತಾಯೀ ಎನ್ನುತ್ತಾರೆ.

“ಸರ, ಅವ್ರು ಇಲ್ಲೀ ಮಟಾ ಕರೆಂಟ್ ಹೋದಾಗೂ ಬಂದಿಲ್ಲ.”

ಮುಕ್ತಾಯ ಆ: ಕೆಲಸ ಹೋಗುತ್ತದೆ, ಸ್ಟೇಟಸ್ ವೈರಲ್ ಆಗುತ್ತದೆ, ಟೀವಿಯವರು ಸೇತುವೆಗೆ ಬರುತ್ತಾರೆ.

“ಬಂದು ಮೊದಲ ಏನ್ ಕೇಳ್ತಾರ? ಒಂದ ಸಲ ಕುಣೀರಿ ಅಂತಾರ.”

ಮುಕ್ತಾಯ ಇ: ಮಗಳ ಮುಖ ನೋಡಿ ಅವಳು ಸುಳ್ಳು ತಿದ್ದುಪಡಿ ಹಾಕುತ್ತಾಳೆ, ಓದುಗರ ಕಣ್ಣು ತುಂಬುತ್ತದೆ. (ಇದು ನನಗೆ ಬಹಳ ಇಷ್ಟವಾಗಿತ್ತು. ಪ್ರಶಸ್ತಿಯ ವಾಸನೆ ಬರುತ್ತಿತ್ತು.) ಇದಕ್ಕೆ ಅವಳು ಉತ್ತರವನ್ನು ತನ್ನ ಸ್ಟೇಟಸ್ಸಿನಲ್ಲೇ ಕೊಟ್ಟಳು.

6.

ಸೋಮವಾರ ಬೆಳಿಗ್ಗೆ ಮಾರ್ಗರೀಟಾ ಸೇತುವೆಯ ಮೇಲೆ ನಿಂತು ಮಂಗಟ್ಟೆ ಹಕ್ಕಿಯ ಫೋಟೊ ಹಾಕಿದಳು. ಅದರ ಬೆನ್ನಿಗೆ ಇದನ್ನು:

“ತಿದ್ದುಪಡಿ. ಗೆಸ್ಟ್ ಎಲ್ಲಾರೂ ಕುಣೀಬೇಕು ಅಂತ ಬರದಿದ್ನಿ. ಅದರಾಗ ಒಂದು ತಪ್ಪ ಆಗೇತಿ. ಮಾಲೀಕರ ಹೆಸರು ಬಿಟ್ಟಿದ್ನಿ. ಅವರೂ ಕುಣೀಬೇಕು. ಎಲಿ ಲಂಗಾ ನಮ್ಮ ಕಡೆ ಐತಿ.”

ಎಂದಿನ ಬಸ್ಸು ಬಂತು, ಹತ್ತಿದಳು. ಏಳಕ್ಕೆ ಸರಿಯಾಗಿ ಬಾಳೇಶ ಅದನ್ನು ನೋಡಿದ.

ಮುಂದೇನಾಯಿತು? ನನಗೆ ಗೊತ್ತು. ಆದರೆ ಹೇಳುವ ಹಾಗಿಲ್ಲ.

“ಅದನ್ನ ಬರೀಬ್ಯಾಡ್ರಿ ಸರ. ಕೆಲಸ ಹೋತು ಅಂದ್ರ ಪಾಪ ಅಂತಾರ, ಉಳೀತು ಅಂದ್ರ ಚಲೋ ಆತು ಅಂತಾರ. ಎರಡರಾಗ ಒಂದ ಅಂದು ಮಕ್ಕೋತಾರ.”

(ಓದುಗರೇ, ಇದು ಅವಳ ಅಭಿಪ್ರಾಯ. ನನಗೆ ನಿಮ್ಮ ಮೇಲೆ ಗೌರವವಿದೆ.)

ಕಥೆ ಮುಗಿಯಿತು ಎಂದುಕೊಂಡು ಫೋನು ಕೆಳಗಿಟ್ಟಿದ್ದೆ. ಇನ್ನೊಂದು ಮೆಸೇಜ್ ಬಂತು.

“ನಿಮ್ದೊಂದು ತಿದ್ದುಪಡಿ ಉಳದೈತಲ್ರಿ.”

ಇಷ್ಟು ಹೊತ್ತು ಮುಚ್ಚಿಟ್ಟದ್ದನ್ನು ಹೇಳಲೇಬೇಕು. ಕಳೆದ ತಿಂಗಳು ಒಂದು ಶನಿವಾರ ನಾನೂ ಅಲ್ಲಿ ಗೆಸ್ಟ್ ಆಗಿದ್ದೆ. ಮುಂದಿನ ಸಾಲಿನ ಕುರ್ಚಿ. ಅವಳು ಎಲೆಯ ಲಂಗದಲ್ಲಿ ಕುಣಿಯುವುದನ್ನು ವಿಡಿಯೊ ಮಾಡಿ, ‘ನಮ್ಮ ಕರ್ನಾಟಕದಲ್ಲೇ ಒಂದು ಆಫ್ರಿಕಾ!’ ಎಂದು ಸ್ಟೇಟಸ್ಸಿಗೆ ಹಾಕಿದ್ದೆ. ಮುನ್ನೂರ ಹನ್ನೆರಡು ಜನ ನೋಡಿದ್ದರು. ಅದೇ ರಾತ್ರಿ ಕಥೆ ಬರೆಯುತ್ತೇನೆಂದು ಅವಳ ನಂಬರ್ ಕೇಳಿ ಪಡೆದು, ನನ್ನದನ್ನೂ ಕೊಟ್ಟಿದ್ದೆ.

“ಅದು ಇಪ್ಪತ್ತನಾಲ್ಕು ತಾಸಿಗೆ ತಾನೇ ಅಳಿಸಿ ಹೋಯಿತಲ್ಲ” ಎಂದು ಬರೆದೆ.

“ನೋಡಿದವ್ರು ಅಳಿಸಿ ಹೋಗ್ಯಾರೇನ್ರಿ?”

ನಾನು ಇದನ್ನು ಓದಿದ್ದೇನೆಂದು ಅವಳಿಗೆ ಗೊತ್ತಾಗಿದೆ. ಒಂದು ಸಾಲು ಬರೆಯುತ್ತೇನೆ, ಒರೆಸುತ್ತೇನೆ, ಮತ್ತೆ ಬರೆಯುತ್ತೇನೆ. ‘ಟೈಪ್ ಮಾಡುತ್ತಿದ್ದಾರೆ’ ಎಂದು ಅವಳ ಫೋನು ತೋರಿಸುತ್ತಿರಬೇಕು. ಇನ್ನೂ ಕಳಿಸಿಲ್ಲ.