ನೀಲಿ ಮುಚ್ಚಳ

ಈ ಗಾಜಿನ ಬಿಲ್ಲೆಗಳನ್ನು ಅಂಚು ಹಿಡಿದೇ ಒರೆಸಬೇಕು, ನಡುವೆ ಬೆರಳು ತಾಗಿದರೆ ಚಿನ್ನದ ಲೇಪ ಕೆಟ್ಟೀತು, ಒರೆಸುವುದು, ಪೆಟ್ಟಿಗೆಯಲ್ಲಿ ನಿಲ್ಲಿಸುವುದು, ಇನ್ನೊಂದನ್ನು ತೆಗೆದುಕೊಳ್ಳುವುದು, ಬಾಯಿ ಬಿಡದಿದ್ದರೆ ನಾನು ಒಳ್ಳೆಯ ಹುಡುಗಿ — ಬೆನ್ನ ಹಿಂದೆ ಲ್ಯಾಬಿನವರ ಚಪ್ಪಾಳೆ ಇನ್ನೂ ನಿಂತಿಲ್ಲ. ಬಂತು ಮೇಡಂ ಬಂತು, ಹೆಂಗೆ ಏರಿದೆ ನೋಡಿ ಗೆರೆ, ಕನ್ನಡಕದ ಸರ್ ಕುಣಿಯುತ್ತಿದ್ದಾರೆ, ಬಿಲ್ಲೆಯ ಮೇಲೆ ಒಂದು ಹನಿ ಎಂಜಲು, ಕೆಳಗಿನಿಂದ ಕೆಂಪು ಬೆಳಕು, ಎಂಜಲಿನಲ್ಲಿರುವ ಶೀತ ಕೆಮ್ಮಿನ ವೈರಸ್ ಅಂಟಿಕೊಂಡರೆ ಬೆಳಕು ಮರಳುವ ಬಗೆಯೇ ಬದಲಾಗಿ ಪರದೆಯ ಗೆರೆ ಏರಬೇಕು, ತಿಂಗಳುಗಟ್ಟಲೆ ಯಾರ ಎಂಜಲು ಹಾಕಿದರೂ ಸತ್ತ ಹಾವಿನಂತೆ ಬಿದ್ದಿದ್ದ ಗೆರೆ ಇವತ್ತು ಎದ್ದಿದೆ, ಎದ್ದದ್ದು ಯಾರದಕ್ಕೆ? ನೀಲಿ ಮುಚ್ಚಳದ ಸೀಸೆಗೆ. ಎಲ್ರೂ ಸ್ವಲ್ಪ ಉಗುಳಿ ಕೊಡ್ರಪ್ಪ, ಮಷೀನಿಗೆ ಅಭ್ಯಾಸ ಆಗ್ಲಿ, ಅಂದಿದ್ದರು ಸರ್ ಬೆಳಿಗ್ಗೆ, ಕೊನೆಯವಳು ನಾನು, ಅಷ್ಟರಲ್ಲಿ ಬಿಳಿ ಮುಚ್ಚಳ ಮುಗಿದಿತ್ತು, ಇರ್ಲಿ ಬಿಡು, ನಿಂಗೊಬ್ಬಳಿಗೇ ನೀಲಿ, ಚೆನ್ನಾಗಿ ಒಪ್ಪತ್ತೆ, ಅಂತ ಸರ್ ನಕ್ಕಿದ್ದರು, ನಾನೂ ನಕ್ಕಿದ್ದೆ, ಯಾಕೆ ನಕ್ಕೆನೋ.

ಗಂಟಲು ಕೆರೆಯುತ್ತಿದ್ದದ್ದು ದಾರಿಯ ಧೂಳಿಗೆ ಅಂದುಕೊಂಡಿದ್ದೆ, ಹೊರಡುವಾಗ ಕೂಸಿನ ಹಣೆಗೆ ಮುತ್ತು ಕೊಟ್ಟೇ ಬಂದೆ, ಅಕ್ಕನ ಕೂಸು, ತಿಂಗಳು ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಈಗಷ್ಟೇ ಮನೆ ಕಂಡದ್ದು, ಶೀತ ಕೆಮ್ಮು ಇರೋರನ್ನ ಹತ್ರ ಸೇರಿಸ್ಬೇಡಿ, ಇದರ ಎದೆ ತಡ್ಕೊಳ್ಳಲ್ಲ, ಅಂತ ನರ್ಸಮ್ಮ ಬೆರಳೆತ್ತಿ ಹೇಳಿದ್ದರು, ನಾನು ಸಂಜೆ ಹೊಸಿಲು ದಾಟುವುದೇ ತಡ, ಬಂದ್ಯಾ, ಹಿಡ್ಕೊಳ್ಳೇ ನಿನ್ನ ರಾಣೀನ, ಬೆಳಿಗ್ಗೆಯಿಂದ ಮೈಗೆ ನೀರು ಸೋಕಿಲ್ಲ ನಂಗೆ, ಅಂತ ಅಕ್ಕ ಮಡಿಲಿಗೆ ಹಾಕಿಬಿಡುತ್ತಾಳೆ, ಅದು ನನ್ನ ಕೊರಳಲ್ಲಿ ಮೂಗು ತೂರಿಸುತ್ತದೆ, ಉಸಿರು, ಇದೆಯೋ ಇಲ್ಲವೋ ಎಂಬಷ್ಟು ಉಸಿರು — ಫೋಟೋ ತೆಗೀರಿ, ಗೆರೆ ಪೂರ್ತಿ ಕಾಣ್ಬೇಕು, ನೀನು ಸ್ವಲ್ಪ ಆ ಕಡೆ ಸರಿಯಮ್ಮ, ಅಡ್ಡ ಬರ್ತಿದ್ದೀಯ, ದೊಡ್ಡ ಮೇಡಂ ನನಗೇ ಹೇಳಿದ್ದು, ಅಡ್ಡವಂತೆ, ನನ್ನ ಗೆರೆಗೆ ನಾನೇ ಅಡ್ಡ! ಸರಿದೆ, ಸರಿಯುವುದು ಚೆನ್ನಾಗಿ ಬರುತ್ತದೆ ನನಗೆ. ಯಾರದು ಮೇಡಂ ಇದು, ಅವರಿಗೆ ಹೇಳ್ಬೇಡ್ವಾ, ಸರ್ ಕೇಳಿಯೂ ಕೇಳಿದರು, ಬೆಳಿಗ್ಗೆ ತಾವೇ ಕೊಟ್ಟ ನೀಲಿ ಆಗಲೇ ಮರೆತಿದೆ, ಅಯ್ಯೋ ಯಾರದಾದ್ರೇನ್ರೀ, ಮಷೀನಿಗೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ, ಹೇಳೋ ಹಾಗಿಲ್ಲ, ನಿಯಮ ನಿಯಮಾನೇ — ಹೇಳುವ ಹಾಗಿಲ್ಲ, ಕುಣಿಯಬಹುದು, ಕೈ ಕುಲುಕಬಹುದು, ಫೋಟೋ ತೆಗೆದು ಊರಿಗೆಲ್ಲ ತೋರಿಸಬಹುದು, ಶಾಲೆ ಬಿಟ್ಟವಳು ನಾನು, ಇವರ ನಿಯಮ ನನಗೆ ತಿಳಿಯದು, ಆದರೆ ಅದು ಇದ್ದದ್ದು ನನ್ನ ಬಾಯಲ್ಲಿ, ನನ್ನ ಬಾಯಿಯ ಸುದ್ದಿ ನನ್ನೊಬ್ಬಳಿಗೇ ಬೇಡವೇ, ಸಂಜೆಯಾಗುತ್ತಿದೆ, ಅಕ್ಕ ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ದಾರಿ ನೋಡುತ್ತಿರುತ್ತಾಳೆ, ಗೆರೆ, ಆ ಗೆರೆಯ ತುದಿಗೆ ಒತ್ತಿಕೊಂಡ ಪುಟ್ಟ ಮೂಗು — ಮೇಡಂ. ನನ್ನ ದನಿಯೇ ಇದು? ಮೇಡಂ, ಆ ನೀಲಿ ಮುಚ್ಚಳ ನಂದು, ಮನೇಲಿ ಹಸುಗೂಸಿದೆ, ನಾನು ಹೋಗಬಹುದಾ ಇಲ್ವಾ, ಅದೊಂದು ಹೇಳಿ — ಬೆನ್ನುಗಳು, ಬೆನ್ನುಗಳ ಸಂದಿನಲ್ಲಿ ಗೆರೆ, ಇನ್ನೂ ಏರುತ್ತಲೇ ಇರುವ ಗೆರೆ — ಮೇಡಂ, ಹೇಳಿ.