ದೊಡ್ಡಳಿಯನ ಹೊಸ ಗಾಡಿ

ಬಡಗಿ ತನ್ನ ಬಿಳಿ ಪಿಕಪ್ ಗಾಡಿ ಕೊಂಡು ಆಗಷ್ಟೇ ಒಂಬತ್ತು ತಿಂಗಳಾಗಿತ್ತು. ಸೀಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಅವನಿನ್ನೂ ಕಿತ್ತಿರಲಿಲ್ಲ. ಕಿತ್ತ ದಿನವೇ ಅದು ಹಳೆಯದಾಗಿಬಿಡುತ್ತದೆ ಎಂಬ ಹೆದರಿಕೆ. ಹಿಂದೆ ಸಾಮಾನು ಹೇರುವ ಬಾಡಿಯ ಎರಡೂ ಬದಿಗೆ ಗಟ್ಟಿ ಮರದ ಪಟ್ಟಿಗಳನ್ನು ತಾನೇ ಕೂಡಿಸಿ, ಕರಗಸ, ಉಳಿಗಳಿಗೆ ಬೇರೆ ಬೇರೆ ಖಾನೆ ಮಾಡಿ, ಮೊಳೆ, ಸ್ಕ್ರೂಗಳಿಗೆಂದು ಎಂಟು ಡ್ರಾಯರ್ ಇಟ್ಟಿದ್ದ. ಒಂದು ಬೆರಳಿನಿಂದ ಎಳೆದರೂ ಸಾಕು, ಬೆಣ್ಣೆಯ ಹಾಗೆ ಜಾರಿ ಬರುತ್ತಿದ್ದವು. ಪ್ರತಿ ಗುರುವಾರ ಪ್ಲೈವುಡ್ ತರಲು ಹೋಗುವಾಗ ಪಕ್ಕದ ಸೀಟಿನಲ್ಲಿ ಮಾವ ಕೂತಿರುತ್ತಿದ್ದರು.

ಮಾವ, ಅಂದರೆ ಹೆಂಡತಿಯ ತಂದೆ, ಮೂವತ್ತೈದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಹೊರಗೆ ರಸ್ತೆಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿಯೇ ಅದಕ್ಕೇನು ಕಾಯಿಲೆ ಎಂದು ಒಳಗೆ ಕೂತು ಹೇಳಿಬಿಡುತ್ತಿದ್ದರು. ಮನೆಯಲ್ಲಿ ಗಾಡಿಯ ವಿಷಯಕ್ಕೆ ಅವರಾಡಿದ್ದೇ ಕೊನೆಯ ಮಾತು. ಬಡಗಿಗೆ ತನ್ನ ತಂದೆಯ ಮುಖವೂ ಸರಿಯಾಗಿ ನೆನಪಿಲ್ಲ. ಬಾಯಿ ಬಿಟ್ಟು ಹೇಳಿಕೊಳ್ಳದಿದ್ದರೂ, ಈ ಮುದುಕರ ಬಾಯಲ್ಲಿ ಒಂದು ‘ಭೇಷ್’ ಅನ್ನಿಸಿಕೊಳ್ಳಲು ಅವನು ಏನು ಬೇಕಾದರೂ ಮಾಡುವವನಾಗಿದ್ದ. ಬಿಳಿ ಗಾಡಿ ತಂದ ದಿನ ಅವರು ಒಂದು ಸುತ್ತು ಹಾಕಿ, ಟೈರು ಒತ್ತಿ ನೋಡಿ, ಸುಮ್ಮನೆ ಹತ್ತಿ ಕೂತಿದ್ದರು. ಅಷ್ಟೇ. ಅದನ್ನೇ ಮೆಚ್ಚುಗೆ ಎಂದುಕೊಂಡು ಅವನು ಒಂಬತ್ತು ತಿಂಗಳು ಸುಖವಾಗಿದ್ದ.

ಆ ಸುಖಕ್ಕೆ ಕಲ್ಲು ಹಾಕಿದವನು ಷಡ್ಡಕ. ಹೆಂಡತಿಯ ತಂಗಿಯ ಗಂಡ, ಗಾಜಿನ ಅಂಗಡಿಯವನು. ಒಂದು ಭಾನುವಾರ ಎಲ್ಲರೂ ಮಾವನ ಮನೆಯಲ್ಲಿ ಊಟಕ್ಕೆ ಸೇರಿದ್ದಾಗ ಅವನು ಕಡುನೀಲಿ ಬಣ್ಣದ ಹೊಸ ಪಿಕಪ್ ತಂದು ಬಾಗಿಲಲ್ಲಿ ನಿಲ್ಲಿಸಿದ. ಅದೇ ಕಂಪನಿಯದು, ಆದರೆ ಎರಡು ತಿಂಗಳ ಹಿಂದೆ ಬಂದ ಹೊಸ ಮಾದರಿ. ಮುಂದೆ ಇಬ್ಬರು, ಹಿಂದೆ ಮೂವರು ಕೂರುವ ಎರಡು ಸಾಲು ಸೀಟು. ರಿವರ್ಸ್ ಹಾಕಿದರೆ ಹಿಂದಿನ ರಸ್ತೆಯೆಲ್ಲ ಟಿವಿಯ ಹಾಗೆ ಮುಂದೆ ಕಾಣುತ್ತಿತ್ತು. ಮಾವ ಊಟದ ಕೈಯನ್ನು ಅರ್ಧಂಬರ್ಧ ತೊಳೆದುಕೊಂಡೇ ಹೊರಗೆ ಬಂದರು. ಸ್ಟೇರಿಂಗ್ ಹಿಡಿದು ಕೂತರು. ಒಂದು ಸುತ್ತು ಹೋಗಿ ಬಂದು, ಇಳಿಯುತ್ತ ಬಾಗಿಲ ಮೇಲೆ ಕೈಯಿಟ್ಟು ಹೇಳಿದರು:

“ಗಾಡಿ ಅಂದ್ರೆ ಇದು.”

ಷಡ್ಡಕನ ಮುಖ ಊರಗಲವಾಯಿತು. ಬಡಗಿಯೂ ನಕ್ಕ, ಚೆನ್ನಾಗಿದೆ ಎಂದ, ಚಕ್ರವನ್ನು ಕಾಲಲ್ಲಿ ತಟ್ಟಿದ. ಆದರೆ ಪಕ್ಕದಲ್ಲಿ ನಿಂತಿದ್ದ ತನ್ನ ಬಿಳಿ ಗಾಡಿ, ಮದುವೆ ಮನೆಗೆ ಕೆಲಸದ ಬಟ್ಟೆಯಲ್ಲಿ ಬಂದವನ ಹಾಗೆ ಕಂಡಿತು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅವನು ಷಡ್ಡಕನ ಗಾಡಿಯಲ್ಲಿ ತಪ್ಪು ಹುಡುಕಿದ. ನೀಲಿ ಬಣ್ಣಕ್ಕೆ ಧೂಳು ಬೇಗ ಕಾಣುತ್ತದೆ, ಗಾಜಿನವನಿಗೆ ಅಷ್ಟು ಸೀಟು ಯಾಕೆ, ಕ್ಯಾಮೆರಾ ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ, ಹೀಗೆ. ಹೆಂಡತಿ ಹೂಂ ಹೂಂ ಎನ್ನುತ್ತ ಕೇಳಿಸಿಕೊಂಡಳು. ಮನೆ ಹತ್ತಿರವಾದಾಗ ಮೆಲ್ಲಗೆ ಅಂದಳು: “ಅವರು ತಗೊಂಡ್ರೆ ತಗೊಳ್ಲಿ ಬಿಡ್ರೀ. ನಮಗೇನು ಕಮ್ಮಿಯಾಗಿದೆ?”

ಕಮ್ಮಿಯಾಗಿದ್ದು ಏನೆಂದು ಅವಳಿಗೆ ಹೇಗೆ ಹೇಳುವುದು? ಮರುದಿನದಿಂದ ಬಿಳಿ ಗಾಡಿಯಲ್ಲಿ ಒಂದೊಂದೇ ಐಬು ಹುಟ್ಟಿಕೊಂಡಿತು. ಎಡಬಾಗಿಲು ಕಿರ್ ಎನ್ನುತ್ತದೆ ಎಂದ. ಕ್ಲಚ್ ಗಟ್ಟಿ ಎಂದ. ನಾಲ್ಕು ಜನ ಕೂರುವ ಹಾಗಿಲ್ಲ ಎಂದ. ಅವರ ಮನೆಯಲ್ಲಿ ಇದ್ದವರೇ ಇಬ್ಬರು. ಗುರುವಾರ ಮಾವ ಎಂದಿನಂತೆ ಪಕ್ಕದಲ್ಲಿ ಕೂತಾಗಲೂ, ಇವರು ಮನಸ್ಸಿನಲ್ಲಿ ಆ ನೀಲಿ ಗಾಡಿಯಲ್ಲೇ ಕೂತಿದ್ದಾರೆ ಎಂದು ಅವನಿಗೆ ಅನ್ನಿಸಿತು.

ಸುಮ್ಮನೆ ನೋಡಿಕೊಂಡು ಬರೋಣ ಎಂದು ಶೋರೂಮಿಗೆ ಹೋದ. ಅಲ್ಲಿ ಕಪ್ಪು ಗಾಡಿಯೊಂದು ಫಳಫಳ ಹೊಳೆಯುತ್ತ ನಿಂತಿತ್ತು. ಷಡ್ಡಕ ಕೊಂಡ ಮಾದರಿಯೇ, ಆದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು, ಗುಂಡಿ ಒತ್ತಿದರೆ ಚಾವಣಿ ತೆರೆದುಕೊಳ್ಳುತ್ತಿತ್ತು. ಚಾವಣಿ ತೆರೆಯುವುದು ನೀಲಿ ಗಾಡಿಯಲ್ಲಿ ಇದೆಯಾ ಎಂದು ಅವನು ಕೇಳಿದ್ದು ಒಂದೇ ಪ್ರಶ್ನೆ. ಇಲ್ಲ ಎಂದ ಸೇಲ್ಸ್‌ನವನು. ಬಡಗಿಯ ನಿರ್ಧಾರ ಅಲ್ಲೇ ಆಗಿಹೋಯಿತು. ಬದಲಿಗೆ ಶೋರೂಮಿಗೆ ಕೊಡಲಿದ್ದ ಬಿಳಿ ಗಾಡಿಯನ್ನು ಪರೀಕ್ಷೆ ಮಾಡಲು ಬಂದ ಮೆಕ್ಯಾನಿಕ್ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ನೋಡಿ, ಇದನ್ನು ಯಾಕೆ ಬಿಡುತ್ತಿದ್ದೀರಿ ಎಂದು ಕೇಳಿದ. ಸಂಸಾರ ದೊಡ್ಡದಾಯಿತು ಎಂದು ಬಡಗಿ ಸುಳ್ಳು ಹೇಳಿದ. ಹಳೆಯ ಗಾಡಿಗೆ ಅವರು ಹೇಳಿದ ರೇಟಿಗೆ ಚೌಕಾಸಿಯನ್ನೂ ಮಾಡಲಿಲ್ಲ.

ಹೊಸ ಗಾಡಿ ಕೈಗೆ ಬಂದದ್ದೇ ತಡ, ಮನೆಗೂ ಹೋಗದೆ ನೆಟ್ಟಗೆ ಷಡ್ಡಕನ ಅಂಗಡಿಗೆ ಓಡಿಸಿದ. ಕಪಾಟಿಗೆ ಒಂದು ಕನ್ನಡಿ ಬೇಕಿತ್ತು ಎಂಬುದು ನೆಪ. ಷಡ್ಡಕ ಮೇಜಿನ ಮೇಲೆ ಬಗ್ಗಿ ಗಾಜಿನ ಮೇಲೆ ಗೆರೆ ಎಳೆಯುತ್ತಿದ್ದವನು ತಲೆಯೆತ್ತಿ ಹೊರಗೆ ನೋಡಿದ. ಕೈ ಜಾರಿತು. ಗೆರೆ ಸೊಟ್ಟಗಾಗಿ ಗಾಜು ಮೂಲೆಯಲ್ಲಿ ಚಟ್ಟನೆ ಸೀಳಿತು.

“ಯಾವಾಗ ತಗೊಂಡ್ರಿ ಅಣ್ಣ?”

“ಈಗಷ್ಟೇ. ಇನ್ನೂ ಮನೆಗೂ ಹೋಗಿಲ್ಲ.”

ಷಡ್ಡಕ ಹೊರಗೆ ಬಂದು ಸುತ್ತ ತಿರುಗಿದ. ಒಳಗೆ ಬಗ್ಗಿ ನೋಡಿದ. “ಮೇಲ್ಗಡೆ ತೆರೆಯುತ್ತಾ?”

“ಗುಂಡಿ ಒತ್ತಿದ್ರಾಯ್ತು,” ಎಂದು ಬಡಗಿ ಒತ್ತಿಯೂ ತೋರಿಸಿದ. ಷಡ್ಡಕನ ಮುಖ ಹುಳಿ ತಿಂದ ಹಾಗೆ ಚಿಕ್ಕದಾಯಿತು. ಆ ಮುಖ ಹೇಗಿರುತ್ತದೆ ಎಂದು ಬಡಗಿಗೆ ಚೆನ್ನಾಗಿ ಗೊತ್ತು. ಮೂರು ವಾರ ಅದನ್ನೇ ಹೊತ್ತು ತಿರುಗಿದ್ದನಲ್ಲ. ಕನ್ನಡಿಯ ಮಾತನ್ನು ಇಬ್ಬರೂ ಮರೆತರು. ಅಲ್ಲಿಂದ ಮಾವನ ಮನೆಗೆ ಹೋಗುವ ದಾರಿಯುದ್ದಕ್ಕೂ ಅವನು ಚಾವಣಿ ತೆರೆದುಕೊಂಡೇ ಓಡಿಸಿದ, ಬಿಸಿಲಿಗೆ ನೆತ್ತಿ ಸುಡುತ್ತಿದ್ದರೂ.

ಮಾವ ಗೇಟಿನ ಬಳಿ ಕೂತು ಪೇಪರ್ ಓದುತ್ತಿದ್ದರು. ಗಾಡಿಯನ್ನು ನೋಡಿದರು. ಅಳಿಯನನ್ನು ನೋಡಿದರು. ಪೇಪರ್ ಮಡಿಸಿಟ್ಟು ಕೇಳಿದರು:

“ಅಳಿಯಂದ್ರೇ, ನಮ್ಮ ಗಾಡಿ ಎಲ್ಲಿ?”

‘ನಮ್ಮ’ ಎಂಬ ಮಾತು ಬಡಗಿಗೆ ಮೊದಲು ಅರ್ಥವಾಗಲಿಲ್ಲ. ಅದನ್ನು ಕೊಟ್ಟು ಇದನ್ನು ತಂದೆ ಎಂದ. ಚಾವಣಿ ತೋರಿಸಿದ, ಕ್ಯಾಮೆರಾ ತೋರಿಸಿದ. ಮಾವ ಎಲ್ಲವನ್ನೂ ತಾಳ್ಮೆಯಿಂದ ನೋಡಿ ಹಿಂದಕ್ಕೆ ಹೋದರು. ಹಿಂದಿನ ಬಾಡಿಯ ಅಂಚಿನ ಮೇಲೆ ಗೇಣು ಹಾಕುತ್ತ ಹೋದರು. ಏಳು ಗೇಣು ಪೂರ್ತಿ ಆಗುವ ಮೊದಲೇ ಬಾಡಿ ಮುಗಿಯಿತು.

“ಎಂಟಡಿ ಪ್ಲೈವುಡ್ ಹಾಳೆ ಎಲ್ಲಿ ಮಲಗಿಸ್ತೀರಿ?”

ಬಡಗಿಯ ಕಿವಿಯ ಮೇಲೆ ಪೆನ್ಸಿಲ್ ಇತ್ತು, ಸೊಂಟದಲ್ಲಿ ಟೇಪು ನೇತಾಡುತ್ತಿತ್ತು. ಜನರ ಮನೆಯ ಅಡುಗೆಕೋಣೆಯನ್ನು ಮೂರು ಮೂರು ಸಲ ಅಳೆಯದೆ ಒಂದು ಮೊಳೆಯನ್ನೂ ಹೊಡೆಯದವನು ಅವನು. ಈ ಗಾಡಿಗೆ ಮಾತ್ರ ಟೇಪು ಬಿಚ್ಚಿರಲೇ ಇಲ್ಲ. ಈಗ ಬಿಚ್ಚಿದ. ಐದಡಿಗೆ ಬೆರಳೆರಡು ಕಮ್ಮಿ. ಎರಡು ಸಾಲು ಸೀಟು ಕೂತ ಜಾಗ ಎಲ್ಲಿಂದ ಬಂದಿತ್ತು ಎಂದು ಆಗ ಹೊಳೆಯಿತು.

“ನೀವೇ ಹೇಳಿದ್ರಲ್ಲ ಮಾವ,” ಎಂದ ಅವನು. ದನಿ ಅವನಿಗೇ ಮಕ್ಕಳ ದನಿಯ ಹಾಗೆ ಕೇಳಿಸಿತು. “ಅವನ ಗಾಡಿ ನೋಡಿ, ಗಾಡಿ ಅಂದ್ರೆ ಇದು ಅಂದ್ರಿ. ನಂದಕ್ಕೆ ಒಂದಿನಾನೂ ಏನೂ ಅನ್ಲಿಲ್ಲ.”

ಮಾವ ಬಾಡಿಯ ಅಂಚಿಗೆ ಒರಗಿ ನಿಂತರು. “ಚಿಕ್ಕಳಿಯಂದ್ರು ಒಂದು ಮಾತಿಗೆ ಕಾಯ್ತಾ ನಿಂತಿದ್ರು. ಆಡಿದೆ. ನಿಮ್ಮ ಗಾಡೀಲಿ ನಾನು ವಾರವಾರ ಕೂರ್ತಿದ್ದೆ. ಅದಕ್ಕಿಂತ ಇನ್ನೇನು ಹೇಳ್ಬೇಕಿತ್ತು?”

ಬಡಗಿ ಮರುದಿನವೇ ಶೋರೂಮಿಗೆ ಓಡಿದ. ಬಿಳಿ ಗಾಡಿ ಅಂಗಳಕ್ಕೆ ಬಂದ ಒಂದೇ ಗಂಟೆಯಲ್ಲಿ ಮಾರಾಟವಾಗಿತ್ತು. ಕೊಂಡವರು ಯಾರೆಂದು ಅವರು ಹೇಳಲಿಲ್ಲ.

ಮುಂದಿನ ಎರಡು ವಾರ ಅವನು ಪ್ಲೈವುಡ್ ಹಾಳೆಗಳನ್ನು ಹೊಸ ಗಾಡಿಯ ಹಿಂದೆ ಓರೆಯಾಗಿ ನಿಲ್ಲಿಸಿ, ಕೆಂಪು ಬಟ್ಟೆ ಕಟ್ಟಿ, ಆಮೆಯ ನಡಿಗೆಯಲ್ಲಿ ತಂದ. ಒಂದು ಹಾಳೆ ಗಾಳಿಗೆ ಬಾಗಿ ಸೀಳಿತು, ಕಪ್ಪು ಬಣ್ಣದ ಮೇಲೆ ಮೊಳದುದ್ದದ ಗೀರು ಬಿತ್ತು. ಮೂರನೆಯ ವಾರ ಪ್ಲೈವುಡ್ ಅಂಗಡಿಯ ಮುಂದೆ ಇಳಿದು ನೋಡಿದರೆ, ಬಿಳಿ ಗಾಡಿ ಅಲ್ಲಿ ನಿಂತಿತ್ತು. ಎಂಟಡಿಯ ಹಾಳೆಗಳು ಅದರಲ್ಲಿ ತೊಟ್ಟಿಲಲ್ಲಿ ಮಗು ಮಲಗಿದ ಹಾಗೆ ಆರಾಮವಾಗಿ ಮಲಗಿದ್ದವು. ನಲವತ್ತು ದಾಟಿದ ಹೆಂಗಸೊಬ್ಬಳು ಹಗ್ಗ ಬಿಗಿಯುತ್ತಿದ್ದಳು. ಮೊದಲು ಶಾಲೆಯ ವ್ಯಾನ್ ಓಡಿಸುತ್ತಿದ್ದವಳು, ಈಗ ಸ್ವಂತ ಗಾಡಿಯಲ್ಲಿ ಬಾಡಿಗೆಗೆ ಸಾಮಾನು ಸಾಗಿಸುತ್ತಾಳೆ ಎಂದು ಅಂಗಡಿಯವನು ಹೇಳಿದ. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಅವಳು ಕಿತ್ತು ಬಿಸಾಕಿದ್ದಳು. ಅದನ್ನು ನೋಡಿ ಅವನಿಗೆ ಷಡ್ಡಕನನ್ನು ನೋಡಿದಾಗಲೂ ಆಗದಷ್ಟು ಹೊಟ್ಟೆ ಉರಿಯಿತು.

ಹತ್ತಿರ ಹೋಗಿ, ಗಾಡಿ ಹೇಗಿದೆ ಎಂದು ಕೇಳಿದ.

“ಬಂಗಾರ ಅಣ್ಣ,” ಅಂದಳು ಅವಳು. “ಈ ಡ್ರಾಯರ್ ನೋಡಿ. ಇಷ್ಟು ಚೆನ್ನಾಗಿ ಮಾಡಿ ಯಾವನೋ ಮಾರ್ಕೊಂಡು ಹೋಗಿದ್ದಾನೆ. ತಲೆ ಕೆಟ್ಟಿರ್ಬೇಕು ಅವನಿಗೆ.”

ಬಡಗಿ ಡ್ರಾಯರನ್ನು ಒಂದು ಬೆರಳಿನಿಂದ ಎಳೆದ, ಮುಚ್ಚಿದ.

“ಆ ತಲೆ ಕೆಟ್ಟವನು ನಾನೇ ಅಕ್ಕ.”

ಅವಳು ನಾಲಿಗೆ ಕಚ್ಚಿಕೊಂಡಳು. ಆಮೇಲೆ, ಅವನು ನಗುತ್ತಿರುವುದನ್ನು ಕಂಡು ತಾನೂ ನಕ್ಕಳು. ಗಾಡಿ ವಾಪಸು ಕೊಡುತ್ತೀರಾ ಎಂದು ಅವನು ಕೇಳಿದ್ದಕ್ಕೆ, ತಮಾಷೆಗೂ ಆ ಮಾತು ಆಡಬೇಡಿ ಎಂದಳು. ಕೊನೆಗೆ ಗುರುವಾರದ ಹಾಳೆಗಳನ್ನು ಬಾಡಿಗೆಗೆ ಸಾಗಿಸಲು ಒಪ್ಪಿದಳು.

ಮುಂದಿನ ಗುರುವಾರ ಸುದ್ದಿ ತಿಳಿದ ಮಾವ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬಂದರು. ಮೂವರು ಕೂರುವ ಉದ್ದ ಸೀಟಿನಲ್ಲಿ ಅವರು ಕಿಟಕಿ ಹಿಡಿದರು. ಬಡಗಿ ಮೊಣಕಾಲನ್ನು ಗೇರಿಗೆ ತಾಗಿಸದೆ ನಡುವೆ ಮುದುಡಿಕೊಂಡ. ಹಾಳೆ ತುಂಬಿಕೊಂಡು ಬರುವ ದಾರಿಯುದ್ದಕ್ಕೂ ಮಾವ ಅವನ ತಲೆಯ ಮೇಲಿಂದ ಆ ಹೆಂಗಸಿನ ಜೊತೆ ಮಾತಾಡಿದರು. ವ್ಯಾನಿನಲ್ಲಿ ಎಷ್ಟು ಮಕ್ಕಳು ಇರುತ್ತಿದ್ದರು, ಬ್ರೇಕು ಸವೆದರೆ ಹೇಗೆ ಗೊತ್ತಾಗುತ್ತದೆ, ತಿರುವಿನಲ್ಲಿ ಯಾವಾಗ ಗೇರು ಇಳಿಸಬೇಕು. ಅವಳ ಕೈ ಒಳ್ಳೆಯ ಕೈ ಎಂದರು. ಬಡಗಿಗೆ ಅಂಥ ಮಾತನ್ನು ಅವರು ಒಂದು ದಿನವೂ ಆಡಿರಲಿಲ್ಲ. ಇದಕ್ಕೆ ಯಾರನ್ನು ಬೈಯುವುದೆಂದು ತಿಳಿಯದೆ, ಹಗ್ಗ ಸಡಿಲಾದ ಹಾಗಿದೆ, ಒಂದು ನಿಮಿಷ ನಿಲ್ಲಿಸಿ ಎಂದ.

ಮಾವ ಇಳಿದು ದಾರಿ ಬಿಟ್ಟರು. ಅವನು ಹಿಂದಕ್ಕೆ ಹೋಗಿ ಹಗ್ಗವನ್ನು ಜಗ್ಗಿ ನೋಡಿದ. ಕಬ್ಬಿಣದ ಸರಳಿನ ಹಾಗೆ ಬಿಗಿಯಾಗಿತ್ತು. ಆದರೂ ಗಂಟು ಬಿಚ್ಚಿ, ಮತ್ತೆ ಕಟ್ಟಿ ಮುಂದಕ್ಕೆ ಬಂದ. ಮಾವ ಆಗಲೇ ಹತ್ತಿ ನಡುವಿನ ಜಾಗಕ್ಕೆ ಸರಿದು ಕೂತಿದ್ದರು.

“ಬನ್ನಿ ಅಳಿಯಂದ್ರೇ,” ಎಂದು ಪಕ್ಕದ ಸೀಟು ತಟ್ಟಿದರು. “ಕಿಟಕಿ ಹತ್ರ ನೀವು ಕೂತ್ಕೊಳ್ಳಿ.”